ನಗದು ಪುಸ್ತಕ

ನನ್ನ ಪಾತ್ರದ ಹುಡುಗ ನನಗಿಂತ ಎತ್ತರ.
ಇರಲಿ. ಟೀವಿಯಲ್ಲಿ ಎಲ್ಲರೂ ಎತ್ತರವೇ.
ಪರ್ಸಿಯ ಪಾತ್ರದವನಿಗೆ ಮಾತ್ರ
ಎಲ್ಲಿಂದಲೋ ಅವೇ ಕಿವಿ ತಂದಿದ್ದಾರೆ,
ಟೋಪಿ ಕಣ್ಣಿಗೆ ಇಳಿಯದಂತೆ ತಡೆಯುವ ಕಿವಿ.

ಲೀಡ್ಸಿನ ಹಳೆಯ ಸಭಾಂಗಣಕ್ಕೆ
ಬಾರ್ನ್ಸ್ಲಿಯ ಆಲ್ಬಿಯನ್ ಎಂದು ಹೆಸರು ಹಚ್ಚಿ
ನಲವತ್ತೊಂಬತ್ತರ ನವೆಂಬರನ್ನು
ಲಾರಿಯಿಂದ ಇಳಿಸುತ್ತಿದ್ದಾರೆ.
ಭಿತ್ತಿಪತ್ರದಲ್ಲಿ ಒರ್ಮರಾಡ್ ಎಂಬುದರ ಕಾಗುಣಿತ ಸರಿಯಿದೆ.
ಆಗ ಇರಲಿಲ್ಲ.
ನನಗೊಂದು ಮಡಿಸುವ ಕುರ್ಚಿ, ಕಾಗದದ ಲೋಟದಲ್ಲಿ ಚಹಾ,
ಸಲಹೆಗಾರ ಎಂಬ ಬಿರುದು.

ನಿಜಕ್ಕೂ ಅವರಿಗೆ ಬೇಕಿದ್ದದ್ದು ಪುಸ್ತಕ.
ಜೋಡಿಯಲ್ಲಿ ಒಬ್ಬ ನಗಿಸುತ್ತಾನೆ, ಇನ್ನೊಬ್ಬ ಲೆಕ್ಕ ಬರೆಯುತ್ತಾನೆ;
ನಾನು ಇನ್ನೊಬ್ಬ.
ಎಡಕ್ಕೆ ಬಂದದ್ದು: ಪೌಂಡು, ಷಿಲ್ಲಿಂಗು, ಪೆನ್ಸು.
ಬಲಕ್ಕೆ ಹೋದದ್ದು: ರೈಲು, ರೂಮು, ಪರ್ಸಿಯ ಸಿಗರೇಟು,
ನನ್ನ ಕಾಲರಿಗೆ ಗಂಜಿ.
ಅಂಚಿನಲ್ಲಿ, ಇರುವೆಯಂಥ ಅಕ್ಷರದಲ್ಲಿ, ಆ ರಾತ್ರಿ ಬಿದ್ದ ನಗು.
ಡಾನ್‌ಕ್ಯಾಸ್ಟರ್: ನಾಲ್ಕು.
ಗ್ರಿಮ್ಸ್‌ಬಿ: ಎರಡು, ಒಂದು ವೇದಿಕೆಗೆ ಬಂದ ನಾಯಿಗೆ.
ಊರು ನಗದು, ಕೈಯಲ್ಲಿ ನಗದಿಲ್ಲ.
ಎರಡು ವರ್ಷ ಒಂದೇ ಪದದಲ್ಲಿ ಸಂಸಾರ ಮಾಡಿದೆವು.
ಜನ ಹೊಟ್ಟೆ ಹುಣ್ಣಾಗುವಂತೆ ನಗಲೆಂದು ಹೊರಟರೆ
ಹುಣ್ಣಾದದ್ದು ಪರ್ಸಿಯ ಹೊಟ್ಟೆ,
ಮಿಸೆಸ್ ಥ್ವೇಟ್ ವಿನೆಗರಿನಲ್ಲಿ ಅದ್ದಿ ಬಡಿಸುತ್ತಿದ್ದ
ದನದ ಹೊಟ್ಟೆ ತಿಂದು.

"ಇಲ್ಲಿ ಜನ ಕೂಗುತ್ತಾರೆ, ಕಿತ್ತಳೆ ಎಸೆಯುತ್ತಾರೆ"
ಎನ್ನುತ್ತಾಳೆ ನಿರ್ದೇಶಕಿ,
ಮೊಮ್ಮಗಳ ವಯಸ್ಸು, ಅಜ್ಜಿಯ ತಾಳ್ಮೆ.
ಅಲ್ಲಮ್ಮ. ಕಿತ್ತಳೆ ಸಿಕ್ಕರೆ ಮನೆಗೆ ಒಯ್ಯುವ ಕಾಲ ಅದು.
ಕೂಗಿದ್ದರೆ ಗೆದ್ದಂತೆಯೇ.
ನಗಿಸಹೋಗಿ ನಗೆಪಾಟಲಾಗುವುದೂ ಒಂದು ಭಾಗ್ಯ,
ನಮಗೆ ಅದೂ ಸಿಗಲಿಲ್ಲ.
ಗಣಿಯಿಂದ ಬಂದು ಮೈ ತೊಳೆದ ಗಂಡಸರು, ಅವರ ಹೆಂಡಂದಿರು
ಬಸ್ಸಿಗೆ ಕಾಯುವಂತೆ ನಮ್ಮನ್ನು ನೋಡುತ್ತ ಕೂತರು.
ಯಾರೋ ಮಿಠಾಯಿಯ ಕಾಗದ ಬಿಡಿಸಿದರು,
ಮೆಲ್ಲಗೆ, ನಮಗೆ ತೊಂದರೆಯಾಗಬಾರದೆಂದು.

ಆಗ ಪರ್ಸಿ ಮಾತು ಮರೆತ.
ಏಣಿಯ ಪ್ರಸಂಗ: ನಾನು ಹಿಡಿಯಬೇಕು, ಅವನು ಹತ್ತಬೇಕು,
ನಾಲ್ಕನೇ ಮೆಟ್ಟಿಲಲ್ಲಿ ಅತ್ತೆಯ ಬಗ್ಗೆ ಏನೋ ಹೇಳಬೇಕು.
ನಾಲ್ಕನೇ ಮೆಟ್ಟಿಲು ಬಂತು, ಬಾಯಿ ತೆರೆಯಿತು,
ಅತ್ತೆ ಬರಲಿಲ್ಲ.
ನಾನು ಪಿಸುಗುಟ್ಟಬಹುದಿತ್ತು.
ಇಲ್ಲ. ಸಿಟ್ಟಿತ್ತು, ಮೂರು ವಾರದ ಸಿಗರೇಟಿನ ದುಡ್ಡು.
ಏಣಿ ಹಿಡಿದೇ ಅವನ ಮುಖ ನೋಡಿದೆ.
ಅವನು ನನ್ನದನ್ನು ನೋಡಿದ.
ಒಂದು ಮೆಟ್ಟಿಲು ಇಳಿದ, ಅತ್ತೆ ಕೆಳಗೆಲ್ಲೋ ಬಿದ್ದಿರಬೇಕೆಂಬಂತೆ.
ಹುಡುಕಿದ. ಮತ್ತೆ ಹತ್ತಿದ.

ಮೂರನೇ ಸಾಲಿನಲ್ಲಿ, ಹಸಿರು ಕೋಟಿನ ಒಬ್ಬ ಹೆಂಗಸು.
ಒಂದು ಸದ್ದು.

ಮುಂದಿನ ಮೂವತ್ತು ವರ್ಷ ನಾವಿಬ್ಬರೂ ಉಂಡದ್ದು
ಆ ಒಂದು ಮೆಟ್ಟಿಲನ್ನು.

"ಎಷ್ಟು ಹೊತ್ತು ಸುಮ್ಮನಿದ್ದಿರಿ, ಸರ್?"
ನನ್ನ ಹುಡುಗ ಕೇಳುತ್ತಾನೆ.
ಸಿಟ್ಟು ಇಳಿಯುವಷ್ಟು ಹೊತ್ತು, ಎಂದೆ.
ನಾಲ್ಕು ಸೆಕೆಂಡು ಎಂದು ಬರೆದುಕೊಂಡ.

ಧ್ವನಿಯವನು ಪುಸ್ತಕ ತೆರೆದುಕೊಂಡು ಬಂದ:
"ಇಲ್ಲಿ 'ನಗು: ೧', ಪಕ್ಕದಲ್ಲಿ ಪೆನ್ಸಿಲಿನ ಪ್ರಶ್ನೆ ಚಿಹ್ನೆ?"
ಅದು ತೀರ್ಮಾನವಾಗದ ವ್ಯಾಜ್ಯ.
ಕೆಮ್ಮು, ಎನ್ನುತ್ತಿದ್ದೆ ನಾನು; ಗಣಿಯ ಊರು, ನವೆಂಬರು.
ನಗು, ಎನ್ನುತ್ತಿದ್ದ ಪರ್ಸಿ,
ರೈಲಿನಲ್ಲಿ, ಕ್ಷೌರದಂಗಡಿಯಲ್ಲಿ, ನನ್ನ ಮದುವೆಯಲ್ಲಿ,
ಕೊನೆಗೊಮ್ಮೆ ಆಸ್ಪತ್ರೆಯಲ್ಲಿ
ಆಕ್ಸಿಜನ್ನಿನ ಮುಖವಾಡ ಪಕ್ಕಕ್ಕೆ ಸರಿಸಿ.
ನರ್ಸಿಗೆ ಏನೂ ತಿಳಿಯಲಿಲ್ಲ.

"ಯಾವುದು ಬೇಕು, ಸರ್?"
ನಗುವೇ ಇರಲಿ, ಎಂದೆ.

ಹಸಿರು ಕೋಟು ತೊಡಿಸಿ ಕೂರಿಸಿದ್ದ ದಿನಗೂಲಿಯ ಹೆಂಗಸು
ಬೆಳಗಿನಿಂದ ಒಂದು ಸ್ಯಾಂಡ್‌ವಿಚ್ ಕಂಡಿರಲಿಲ್ಲ.
ಸನ್ನೆ ಬಿದ್ದೊಡನೆ ನಕ್ಕಳು, ಪಾಪ, ಮನಸಾರೆ.
ಹಿಂದೆ ಸುತ್ತಿ ಕೇಳಿಸಿದರು.

ಥೇಟ್ ಕೆಮ್ಮು.