ಹದಿನಾರು ಡಿಗ್ರಿ

ದಿಲ್ಲಿಯವರು ನಗಬಹುದು. ನಗಲಿ.
ಕೋಡಿಬಾಗದ ಜೆಟ್ಟಿಯಲ್ಲಿ, ಜನವರಿಯ ಬೆಳಗಿನ ಆರೂವರೆಗೆ
ಹದಿನಾರು ಡಿಗ್ರಿ ಎಂದರೆ
ಕಾರವಾರದವರ ಪಾಲಿಗೆ ಅದೇ ಹಿಮಾಲಯ.
ಅಕ್ಕನ ಅತ್ತೆ ಎರಡು ಸ್ವೆಟರಿನ ಮೇಲೊಂದು ಶಾಲು ಸುತ್ತಿ
ದೋಣಿಗೆ ಕಾಲಿಡುವ ಮೊದಲೇ ತೀರ್ಪು ಕೊಟ್ಟರು:
"ಮಕ್ಕಳನ್ನ ಮಾಮಾ ನೋಡ್ಕೊಳ್ತಾನೆ."

ಮಾಮಾ ಎಂದರೆ ನಾನು.
ಮದುವೆಯಿಲ್ಲ, ಮೊಬೈಲಿನಲ್ಲಿ ಚಾರ್ಜಿಲ್ಲ,
ತೊಡೆಯ ಮೇಲೆ ಬನ್ಸಿನ ಡಬ್ಬಿ.
ನಾಲ್ಕು ಮಕ್ಕಳು, ನಾಲ್ಕು ಮಂಗನ ಟೋಪಿ,
ಎಲ್ಲರದೂ ಒಂದೇ ಪ್ರಶ್ನೆ: ಇನ್ನೆಷ್ಟು ಹೊತ್ತು?

ದೊಡ್ಡವರು ತಾಡಪಾಲಿನ ಮರೆಗೆ ಸರಿದು
ಆಗಲೇ ಇಸ್ಪೀಟು ಹಂಚಿಕೊಂಡಿದ್ದರು.
ಪುರ್ಸು ತಾಂಡೇಲ ಎಂಜಿನ್ನಿನ ಹಗ್ಗ ಎಳೆದ,
ಒಮ್ಮೆ, ಮತ್ತೊಮ್ಮೆ; ಮೂರನೆಯದಕ್ಕೆ ಅದು ಕೆಮ್ಮಿ
ಕಾಳಿಯ ಬಾಯಿಂದ ನಮ್ಮನ್ನು ಕಡಲಿಗೆ ಉಗುಳಿತು.
ಸದಾಶಿವಗಡದ ಸೊಂಟದ ಕೆಳಗೆಲ್ಲ ಮಂಜು.
"ಗುಡ್ಡಕ್ಕೆ ಚಡ್ಡಿಯಿಲ್ಲ!" ಎಂದಳು ಶಮಿಕಾ.
ನಕ್ಕರು. ಐದು ನಿಮಿಷ ಕಳೆಯಿತು.
ದೀಪಸ್ತಂಭ ಇನ್ನೂ ಕಡ್ಡಿಯಷ್ಟೇ ಇತ್ತು.

ಒಗಟು ಹೇಳಿದೆ.
ಕಾಲಿಲ್ಲ, ಆದರೂ ದಿನವಿಡೀ ಅಲೆಯುತ್ತದೆ, ಏನದು?
"ಅಲೆ," ಎಂದ ಸುಯೋಗ, ಆಕಳಿಸುತ್ತ,
"ಮುಂದಿನದು?"
ಮುಂದಿನದು ನನ್ನ ಬಳಿ ಇರಲಿಲ್ಲ.
ಅಂತ್ಯಾಕ್ಷರಿಯಲ್ಲಿ ಯಾವ ಅಕ್ಷರ ಬಂದರೂ
ಮುಕ್ಕು "ಚಳಿ" ಎಂದೇ ಹಾಡಿದ.
ಬನ್ಸು ಹಂಚಿದೆ; ಇರಾ ಅರ್ಧ ತಿಂದು
ಉಳಿದರ್ಧವನ್ನು ಸಮುದ್ರಕ್ಕೆ ತಿನ್ನಿಸಿದಳು.

ಆಗ ಸುಳ್ಳಿಗೆ ಕೈ ಹಾಕಿದೆ.
ಅಗೋ ಡಾಲ್ಫಿನ್!
ನಾಲ್ಕು ಟೋಪಿಗಳು ಒಟ್ಟಿಗೆ ತಿರುಗಿದವು.
ತೇಲುವ ತೆಂಗಿನಕಾಯಿ.
ಅಗೋ, ಈಗ ನಿಜ!
ಯಾರದೋ ಬಲೆಯ ಬೆಂಡು.
ಮೂರನೆಯ ಸಲ ಬೊಟ್ಟು ಮಾಡಿದಲ್ಲಿ
ನೀರು ಬಿಟ್ಟರೆ ಏನೂ ಇರಲಿಲ್ಲ.
ಸುಯೋಗ ನನ್ನ ಮುಖವನ್ನೇ ನೋಡಿದ,
ಅಂಗಡಿಯವ ಸವಕಲು ನಾಣ್ಯ ನೋಡುವಂತೆ.

ಮುಕ್ಕುವಿನ ಕಾಲುಚೀಲ ಒದ್ದೆಯಾಗಿತ್ತು. ಅವನು ಅಳತೊಡಗಿದ,
ಅವನ ಅಳು ಇರಾಳಿಗೆ ಹತ್ತಿತು,
ತಾಡಪಾಲಿನ ಒಳಗಿಂದ ಯಾರೋ "ಮಾಮಾ ಇದ್ದಾನಲ್ಲ" ಎಂದರು,
"ತುರುಪು ಇಳಿಸು" ಎಂದರು.

ತಾಂಡೇಲ ಏನೂ ಹೇಳದೆ
ಹಲಗೆಯಡಿಯಿಂದ ಒಂದು ಡಬ್ಬಿ ತೆಗೆದ,
ಅರ್ಧಕ್ಕೆ ಕೊಯ್ದ ಎಣ್ಣೆ ಡಬ್ಬಿ, ಜೊತೆಗೆ ಮೂರು ಕರಟ.
"ದೋಣಿಲಿ ನೀರು ಬರ್ತಾ ಅದೆ," ಎಂದ, ಪಿಸುಮಾತಿನಲ್ಲಿ.
"ದೊಡ್ಡವ್ರಿಗೆ ಹೇಳ್ಬೇಡಿ, ಹೆದರ್ತಾರೆ.
ನೀವು ಚೆಲ್ಲಿದ್ರೆ ಮಾತ್ರ ಮನೆ ಮುಟ್ತೇವೆ."

ಆ ದೋಣಿಯ ತಳದಲ್ಲಿ ಅಷ್ಟು ನೀರು
ನಾನು ಚಡ್ಡಿ ಹಾಕುವ ಕಾಲದಿಂದಲೂ ಇದೆ.
ಅವನದೂ ಸುಳ್ಳೇ.
ಆದರೆ ಅವನ ಸುಳ್ಳಿಗೆ ಹಿಡಿಕೆಯಿತ್ತು,
ಮಕ್ಕಳು ಅದನ್ನು ಕೈಯಲ್ಲಿ ಹಿಡಿದರು.

ಮೊಗೆದರು. ಚೆಲ್ಲಿದರು. ಮೊಗೆದರು.
ಮೊದಲು ಮಂಗನ ಟೋಪಿ ಬಿತ್ತು, ಆಮೇಲೆ ಸ್ವೆಟರು.
ಶಮಿಕಾ ಎಣಿಸಿದಳು, ಸುಯೋಗ ಗದರಿಸಿದ,
ಮುಕ್ಕು ತನ್ನ ಕರಟದ ನೀರನ್ನು
ಅರ್ಧ ತನ್ನ ಮೇಲೆಯೇ ಸುರಿದುಕೊಂಡು
"ನಾನು ಇಲ್ದಿದ್ರೆ ಎಲ್ರೂ ಸತ್ತೇ ಹೋಗ್ತಿದ್ರು" ಎಂದ,
ತುಂಬ ಗಂಭೀರವಾಗಿ.

ಅದೇ ಹೊತ್ತಿಗೆ, ಎಡಕ್ಕೆ,
ಎರಡು ಮಾರು ದೂರದಲ್ಲಿ
ನೀರು ಒಮ್ಮೆ ಬೆನ್ನು ಬಾಗಿಸಿತು.
ಬೂದು, ನುಣುಪು; ಉಫ್ ಎಂಬ ಒಂದು ಉಸಿರು,
ಬೇಸತ್ತ ಮನುಷ್ಯನದರಂತೆ.
ಪಕ್ಕದಲ್ಲೇ ಇನ್ನೊಂದು, ಚಿಕ್ಕದು, ಮರಿ.

ಅಗೋ, ಎಂದೆ. ದನಿ ನಡುಗಿತು.
"ಹೋಗ್ ಮಾಮಾ," ಎಂದಳು ಇರಾ, ತಲೆಯೆತ್ತದೆ,
"ನಮ್ಗೆ ಕೆಲ್ಸ ಅದೆ."

ತಾಂಡೇಲ ನೋಡಿದ್ದ. ಬೀಡಿ ಕಚ್ಚಿಕೊಂಡು
ಒಂದು ಹುಬ್ಬು ಹಾರಿಸಿದ, ಅಷ್ಟೇ.

ಜೆಟ್ಟಿಯಲ್ಲಿ ಇಳಿಯುವಾಗ ಅಕ್ಕ ಕೇಳಿದಳು: ಏನೇನು ನೋಡಿದ್ರಿ?
ನಾಲ್ವರೂ ಒಬ್ಬರನ್ನೊಬ್ಬರು ನೋಡಿಕೊಂಡು
"ಏನಿಲ್ಲ" ಎಂದರು.
ಅತ್ತೆ ಶಾಲು ಬಿಗಿದುಕೊಂಡು ಗೆದ್ದ ಹಣ ಎಣಿಸುತ್ತಿದ್ದರು.
ಡಬ್ಬಿಯಲ್ಲಿ ಉಳಿದಿದ್ದ ಒಂದೇ ಬನ್ಸನ್ನು
ನಾನು ತಾಂಡೇಲನಿಗೆ ಕೊಟ್ಟೆ.
ಅವನು ಅದನ್ನು ಮುರಿದು ಅರ್ಧ ನನಗೆ ಕೊಟ್ಟ.
ತಣ್ಣಗಿತ್ತು. ಸ್ವಲ್ಪ ಉಪ್ಪುಪ್ಪು.