ಉತ್ತರ ಸೇರಿಸಿದ ಮೇಲೆ

ದೇಶದ ಹೆಸರಿನ ಮುಂದೆ ಉತ್ತರ ಎಂದು ಸೇರಿತು.
ಗಡಿಯ ಫಲಕಕ್ಕೆ ಸೇರಿತು, ಪಾಸ್‌ಪೋರ್ಟಿಗೆ ಸೇರಿತು,
ನಮ್ಮ ರಬ್ಬರ್ ಮೊಹರಿಗೆ ಎರಡು ಸಲ ಸೇರಿತು, ಒಂದು ಸಲ ತಪ್ಪಾಗಿ.
ಕೊನೆಗೆ ಸ್ಟ್ರುಗಾದ ಜಲಮಾಪನ ಕಚೇರಿಗೆ
ಒಂದೂವರೆ ಸಾಲಿನ ಕಾಗದ:
ಡೇಟಾಬೇಸಿನ ಹೆಸರೂ ಬದಲಾಗತಕ್ಕದ್ದು.

ಅದೇನು ಮಹಾ, ಅಂದ ಕ್ರುಮೆ,
ಒಂದು ಹಲಗೆ ಕಿತ್ತು ಇನ್ನೊಂದು ಹೊಡೆದಂತೆ.

ಹಾಗಲ್ಲ.
ಹೆಸರು ಬದಲಿಸು ಎಂಬ ಆಜ್ಞೆಯೇ ನಮ್ಮ ಯಂತ್ರದಲ್ಲಿಲ್ಲ.
ಪಕ್ಕದಲ್ಲಿ ಹೊಸ ಮನೆ ಕಟ್ಟಬೇಕು,
ಒಂದೊಂದೇ ಕೋಷ್ಟಕ ಹೊತ್ತು ತರಬೇಕು.
ಬೀಗದ ಕೈಗಳು ತಾವಾಗಿ ಬರುವುದಿಲ್ಲ.
ಕಿಟಕಿಗಳು ಬರುತ್ತವೆ, ಆದರೆ ಹಳೆಯ ಅಂಗಳವನ್ನೇ ನೋಡುತ್ತವೆ.
ನೀರು ಮಟ್ಟ ಮೀರಿದರೆ ಕೂಗುವ ಗಂಟೆ
ಅಲ್ಲೇ ಉಳಿದು ಖಾಲಿ ಮನೆ ಕಾಯುತ್ತದೆ.
ಇದನ್ನೆಲ್ಲ ಚೀಟಿಯಲ್ಲಿ ಬರೆದು ಪರದೆಗೆ ಅಂಟಿಸಿದ್ದೆ.
ಅಕ್ಷರದ ಮಾತು ಮಾತ್ರ ಬರೆದಿರಲಿಲ್ಲ.

ರಾತ್ರಿ ಎರಡಕ್ಕೆ ಎಣಿಸಿದೆ. ಅಲ್ಲಿ ಎಷ್ಟು ಸಾಲೋ ಇಲ್ಲೂ ಅಷ್ಟೇ.
ಡಿಸ್ಕು ತುಂಬುತ್ತಿದೆಯೆಂದು ಕ್ರುಮೆ ಹಳೆಯದನ್ನು ಅಳಿಸಿದ.
ನಾನೇ ಹೂಂ ಅಂದಿದ್ದೆ, ಕೈಯಲ್ಲಿ ಕಾಫಿಯಿತ್ತು.
ಮೂರಕ್ಕೆ ಏಳುವ ಬ್ಯಾಕಪ್ಪು
ಹಳೆಯ ಹೆಸರನ್ನು ಹುಡುಕಿ, ಕಾಣದೆ,
ನಿನ್ನೆಯ ಪ್ರತಿಯ ಮೇಲೆ ಸೊನ್ನೆ ಬರೆದು ಮಲಗಿತು.

ಬೆಳಗ್ಗೆ ತೆರೆದರೆ, ಅಳತೆ ತೆಗೆದವರ ಕಾಲಂನಲ್ಲಿ
???????
??????
?????
ನಲವತ್ತು ವರ್ಷ ಸರೋವರದಂಚಿನ ಅಳತೆಗಲ್ಲಿಗೆ ಬಗ್ಗಿ
ನೀರು ಓದಿದವರೆಲ್ಲ
ಬಗ್ಗಿದಂತೆಯೇ ನಿಂತಿದ್ದರು.
ಹೆಸರಿಗೆ ಉತ್ತರ ಸೇರಿಸಹೋದೆವು,
ಒಳಗೆಲ್ಲ ಪ್ರಶ್ನೆ.

ಅಕ್ಷರಕ್ಕೊಂದು ಪ್ರಶ್ನೆ, ಹಾಗಾಗಿ ಎಣಿಸಬಹುದು.
ನಮ್ಮ ಲಿಪಿಯಲ್ಲಿ ಐದಿದ್ದರೆ ಕ್ರುಮೆ, ಬಚಾವಾದ.
ಆರಿದ್ದರೆ ತ್ರಾಯ್ಚೆ.
ಏಳಿದ್ದರೆ ಸ್ಪಾಸಿಯಾ. ಇಲ್ಲವೇ ಬ್ಲಾಗೊಯಾ, ಅವನಿಗೂ ಏಳೇ.
ಅಲ್ಲೇ ಇತ್ತು ತೊಡಕು.
ಬ್ಲಾಗೊಯಾ ಜನವರಿಯಲ್ಲಿ ಒಲೆ ಬಿಟ್ಟು ಏಳುತ್ತಿರಲಿಲ್ಲ,
ನಿನ್ನೆಯ ಅಂಕಿಗೆ ಒಂದು ಕೂಡಿಸುತ್ತಿದ್ದ, ಇಲ್ಲವೇ ಕಳೆಯುತ್ತಿದ್ದ;
ಕಚೇರಿಗೆಲ್ಲ ಗೊತ್ತು, ಅವನ ಹೆಸರು ಕಂಡರೆ ಆ ಸಾಲು ಬಿಟ್ಟು ಓದುತ್ತಿದ್ದೆವು.
ಸ್ಪಾಸಿಯಾ ಮೊಣಕಾಲುದ್ದ ಹಿಮದಲ್ಲಿ ನಿಂತು ನೋಡುತ್ತಿದ್ದಳು.
ಈಗ ಇಬ್ಬರದೂ ಒಂದೇ ನೀರು.

ಸ್ಪಾಸಿಯಾಳ ಮನೆಗೆ ಹೋದೆ. ಅಂಗಳದಲ್ಲಿ ಕೆಂಪು ದೊಣ್ಣೆಮೆಣಸು ಸುಡುತ್ತಿದ್ದಳು.
ನಡೆದದ್ದು ಹೇಳಿದೆ. ಕ್ಷಮಿಸಿ ಅನ್ನಲು ನಾಲಿಗೆ ಏಳಲಿಲ್ಲ.
ಕರಿದಾದ ಸಿಪ್ಪೆ ಸುಲಿಯುತ್ತಲೇ ಅಂದಳು:
ಕೊನೆಯಲ್ಲಿ ಅರ್ಧ ಸೆಂಟಿಮೀಟರಿದ್ದರೆ ಅದು ನಾನು.
ಸುಳ್ಳು ಬರೆಯುವವನು ಅರ್ಧದ ತಂಟೆಗೆ ಹೋಗುವುದಿಲ್ಲ.

ಅರ್ಧಗಳನ್ನು ಹುಡುಕುತ್ತ ಹೋದೆ.
ಎಂಬತ್ತೇಳರ ಜನವರಿ, ಒಂದು ಇಡೀ ವಾರ
ಅರ್ಧ, ಅರ್ಧ, ಪೂರ್ಣ, ಅರ್ಧ.
ಅವಳ ಮಗಳು ಹುಟ್ಟಿದ್ದು ಆ ವಾರವೇ.
ಹಾಗಾದರೆ ಹಿಮಕ್ಕಿಳಿದವನು ಅವನು,
ಯಾರಿಗೂ ಹೇಳದೆ.

ಏಳು ಪ್ರಶ್ನೆ ಅಳಿಸಿ, ಅಕ್ಷರ ಅಕ್ಷರವಾಗಿ
ಅವನ ಹೆಸರು ಟೈಪ್ ಮಾಡಿದೆ.
ಉಳಿಸು ಎಂಬುದನ್ನು ಒತ್ತುವ ಮೊದಲು
ಒಂದು ಪ್ರತಿ ತೆಗೆದೆ, ಕಾಗದದ ಮೇಲೆ.