ಬಂದ ಸಾಮಾನು

ಪೋರ್ಚುಗಲ್ಲಿನ ಬಡಗಣ ಬೆಟ್ಟಗಳ ಬೆನ್ನಲ್ಲಿ
ನೀಲಿ ಬಿಲ್ಲೆಗಳ ಮೇಲೆ ಬರೆದ ಹೆಸರು
ಇನ್ನೂ ಇದೆ: ಫೊಂತರೇಲಾ.
ನಡುವಿನದೊಂದು ಅಕ್ಷರ ಉದುರಿದೆ.
ಅದು ಅಲ್ಮೆರಿಂಡಾಳ ಅಡುಗೆಮನೆಯ ಗೂಡಿನಲ್ಲಿ,
ಉಪ್ಪಿನ ಭರಣಿಯ ಪಕ್ಕ.
ಕದ್ದದ್ದಲ್ಲ, ಬಿದ್ದದ್ದು ಅನ್ನುತ್ತಾಳೆ
ನಾವು ಕೇಳುವ ಮುಂಚೆಯೇ.

ಗೇಟು ಕಾದವಳು. ಇಪ್ಪತ್ತೊಂಬತ್ತು ವರ್ಷ.
ಅವಳಿಗೂ ಮೊದಲು ಅವಳ ತಾಯಿ.
ತಾಯಿಗೂ ಮೊದಲು ಬರೀ ಕತ್ತೆದಾರಿ,
ಪೇಟೆಗೆ ಎರಡು ಹಗಲು.
ಹಳಿ ಬಂದ ದಿನ ಪಾದ್ರಿ ಇಂಜಿನ್ನಿಗೆ ತೀರ್ಥ ಚಿಮುಕಿಸಿದರಂತೆ,
ಅದು ಬುಸ್ಸೆಂದಿತಂತೆ,
ಬೆದರಿ ಹೊಳೆ ದಾಟಿದ ಹಸುವೊಂದು
ತಿರುಗಿ ಬರಲೇ ಇಲ್ಲವಂತೆ.
ಆ ಹಸುವಿನ ಹೆಸರು ಊರಿಗೆ ಇಂದಿಗೂ ಗೊತ್ತು, ಮಿಮೋಜಾ.
ಪಾದ್ರಿಯದು ಯಾರಿಗೂ ನೆನಪಿಲ್ಲ.

ದಾಖಲೆ ಪುಸ್ತಕವೂ ಅವಳ ಬಳಿಯೇ ಇದೆ.
ಸ್ಟೇಷನ್ ಮಾಸ್ತರ ಅಬೀಲಿಯು ಪೆನೆದಾನ ಕೈಬರಹ, ಮುತ್ತು ಪೋಣಿಸಿದ ಹಾಗೆ:
ಚೆಸ್ಟ್‌ನಟ್, ನಲವತ್ತು ಮೂಟೆ.
ಮೊಲ, ಜೀವಂತ, ಹನ್ನೆರಡು.
ಹೊಲಿಗೆ ಯಂತ್ರ, ಹಿಡಿ ಮುರಿದದ್ದು, ಒಂದು.
ಒಂದು ಬೆಳಿಗ್ಗೆ, ಅಂಗೋಲಾದ ಯುದ್ಧಕ್ಕೆ,
ಹೋಗುವ ಟಿಕೆಟ್ಟು ಹನ್ನೊಂದು.
ಎರಡು ವರ್ಷದ ಮೇಲೆ, ಬಂದ ಸಾಮಾನಿನ ಕಾಲಮ್ಮಿನಲ್ಲಿ,
ಪೆಟ್ಟಿಗೆ, ಸೀಸದ್ದು, ಒಂದು.
ತೂಕ ನೂರಾ ನಲವತ್ತು ಕಿಲೊ.
ಬಿಡಿಸಿಕೊಂಡವರ ಸಹಿಯ ಜಾಗದಲ್ಲಿ
ಅವಳ ತಾಯಿಯ ಹೆಬ್ಬೆಟ್ಟು.

ಅಣ್ಣ ಝೆಫೆರಿನುವಿನ ತೂಕ
ಮನೆಯಲ್ಲಿದ್ದಾಗ ಯಾರೂ ನೋಡಿರಲಿಲ್ಲ.
ಬೆರಳಿಟ್ಟು ತೋರಿಸುತ್ತಾಳೆ: ನೋಡು,
ಈ ಸಾಲಲ್ಲೂ ಅಕ್ಷರ ಅಷ್ಟೇ ದುಂಡಗಿದೆ.
ಒಂದು ಚೂರು ಕೈ ನಡುಗಬಾರದಿತ್ತೆ ಮಾಸ್ತರನಿಗೆ?

ಆಮೇಲೆ ರಾಜಧಾನಿಯಿಂದ ಕಾಗದ ಬಂತು. ನಷ್ಟ, ಅಂತ.
ಕಡೆಯ ರೈಲಿನಲ್ಲಿ ನಾಲ್ಕು ಜನ, ಒಂದು ನಾಯಿ.
ಇಂಜಿನ್ನನ್ನು ರಾತ್ರೋರಾತ್ರಿ ಲಾರಿಗೆ ಹೇರಿ ಒಯ್ದರು,
ಮನೆಮಂದಿ ಮಲಗಿದ್ದಾಗ
ಕೊಟ್ಟಿಗೆಯಿಂದ ಹಸು ಬಿಚ್ಚಿಕೊಂಡು ಹೋದ ಹಾಗೆ.
ಹಳಿ ಗುಜರಿಗೆ ಹೋಯಿತು.
ಹಳಿಯಡಿಯ ದಿಮ್ಮಿ ಕೋಳಿಗೂಡಿಗೆ,
ಕಾಯುವ ಕೋಣೆಯ ಬೆಂಚು ಹೆಂಡದಂಗಡಿಗೆ.
ಗಡಿಯಾರ ಎಲ್ಲಿಗೆ ಹೋಯಿತೆಂದು ಗೊತ್ತಿರುವವರು
ಬಾಯಿ ಬಿಡುವುದಿಲ್ಲ.

ಹೋದ ವಾರ ಮ್ಯೂಸಿಯಮ್ಮಿನಿಂದ ಬಂದ ಹುಡುಗ
ಕೈಗವಸು ತೊಟ್ಟು, ವಿನಯದಿಂದ ಕೇಳಿದ:
ಅಜ್ಜಿ, ನಿಮ್ಮ ಕೆಂಪು ಬಾವುಟ?

ಹಿತ್ತಲಿಗೆ ಕರೆದೊಯ್ದಳು.
ಚೆರಿ ಮರದಡಿ ಬೆದರುಬೊಂಬೆಯ ಕೈಯಲ್ಲಿ
ಬಾವುಟ, ಬಿಸಿಲಿಗೆ ಬೆಳ್ಳಗಾಗಿದೆ.
ಹಕ್ಕಿಗಳು ಅದರ ಕೋಲಿನ ಮೇಲೇ ಕೂತು
ಹಣ್ಣು ಕುಕ್ಕುತ್ತಿವೆ.
ಇಡೀ ರೈಲು ನಿಂತುಬಿಡುತ್ತಿತ್ತು ಇದಕ್ಕೆ,
ಅಂದಳು. ಇವುಗಳ ಕೊಬ್ಬು ನೋಡು.
ಕಲ್ಲೊಂದು ಹೆಕ್ಕಿಕೊಂಡಳು,
ಎಸೆಯಲಿಲ್ಲ.